ವಾಪಸು ಬರುವ ಪರವಾನಗಿ

ನಮ್ವೊನ್, ಜೆಜು ದ್ವೀಪ
3 ಮೇ 1994

ಮಿಹ್ವಾ,

ನೀನು ಕೇಳಿದ ವಂಶಪತ್ರದ ನಕಲು ಇದರ ಜೊತೆಗಿದೆ. ಮೂರು ಪ್ರತಿ ಕೇಳಿದ್ದೆ, ಇರಲಿ ಎಂದು ನಾಲ್ಕು ತಂದಿದ್ದೇನೆ. ಒಂದು ಮದುವೆಗೆ ಇಷ್ಟೊಂದು ಕಾಗದ ಬೇಕೆಂದು ನನಗೆ ಗೊತ್ತಿರಲಿಲ್ಲ, ನಾನೇನು ಮದುವೆಯಾಗಿ ನೋಡಿದವಳಲ್ಲ. ಮುಂದಿನ ಕಾಗದದಲ್ಲಿ ಆ ಹುಡುಗನ ಹೆಸರನ್ನಾದರೂ ಬರಿ. ಹಲ್ಲಿನ ದವಾಖಾನೆಯಲ್ಲಿ ಕೆಲಸ ಮಾಡುವವಳು "ದವಾಖಾನೆಗೆ ಬರುವ ಒಬ್ಬರು" ಎಂದರೆ ಹಲ್ಲು ನೋವಿನಿಂದ ಕೆನ್ನೆ ಊದಿದವರೆಲ್ಲ ಕಣ್ಣ ಮುಂದೆ ಬರುತ್ತಾರೆ.

ಊರ ಕಚೇರಿಯ ಗುಮಾಸ್ತ ಕಾಗದ ನೋಡಿ ಕನ್ನಡಕ ಹಣೆಗೇರಿಸಿದ. "ಇದ್ರಾಗೆ ನಿಮ್ ತಾಯಿ ಅಂತ ಬರ್ದಿರೋದು ಆ ಸಮುದ್ರಕ್ಕೆ ಮುಳುಗಿ ಚಿಪ್ಪು ತೆಗೀತಿದ್ದ ಮುದ್ಕಿ ಹೆಸ್ರಲ್ವಾ? ನೀವು ಹುಟ್ಟಿದ್ದು ಒಸಾಕಾದಾಗೆ. ಅವ್ಳು ಈ ದ್ವೀಪ ಬಿಟ್ಟು ಕದಲಿದೋಳಲ್ಲ. ಅದ್ಯೆಂಗೆ ಹೆತ್ಲು?"

"ಉಸಿರು ಕಟ್ಟಿ ಹೆತ್ಲು. ಅವಳಿಗೆ ಅಭ್ಯಾಸ ಇದೆ" ಎಂದೆ.

ಈಕೆ ಅಪ್ಪನ ಮೊದಲ ಹೆಂಡತಿ, ನಮ್ಮನ್ನು ಹೆತ್ತವಳು ಅಪ್ಪ ಒಸಾಕಾದಲ್ಲಿ ಕಟ್ಟಿಕೊಂಡವಳು ಎಂದು ಬಿಡಿಸಿ ಹೇಳುವ ಅಗತ್ಯವೇ ಬರಲಿಲ್ಲ. ಈ ದ್ವೀಪದಲ್ಲಿ ಅಂಥ ಮನೆ ಬೀದಿಗೊಂದಿದೆ. ಕಾಗದದಲ್ಲಿ ಮಾತ್ರ ದೊಡ್ಡಮ್ಮನೇ ನಮ್ಮಿಬ್ಬರ ತಾಯಿ.

ಅವಳ ಎಡಗಡೆ ಇನ್ನೂ ಮರಗಟ್ಟಿದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ನಿನ್ನೆ, "ಏ ಜಪಾನಿನೋಳೇ, ಗಂಜಿ ಕಾಯ್ಸಿದ್ಯೋ ಗೋಂದು ಕಾಯ್ಸಿದ್ಯೋ?" ಎಂದಳು. ಅಷ್ಟು ವರ್ಷ ಒಸಾಕಾದ ಇಕುನೊದಲ್ಲಿ ಚಪ್ಪಲಿಗೆ ಗೋಂದು ಬಳಿದ ಕೈ ಇದು, ಅವಳು ಹೇಳಿದ್ದರಲ್ಲೂ ತಪ್ಪಿಲ್ಲ.

ನನ್ನ ಚಿಂತೆ ಬೇಡ. ಅಪ್ಪನ ಅಸ್ಥಿ ಮಣ್ಣು ಮಾಡಿ ವಾರದಲ್ಲಿ ಬರುತ್ತೇನೆಂದು ಹೊರಟವಳು, ದೊಡ್ಡಮ್ಮ ಲಕ್ವ ಹೊಡೆದು ಬಿದ್ದಳೆಂದು ಇಷ್ಟು ದಿನ ಇಲ್ಲೇ ಉಳಿದೆ. ವಾಪಸು ಬರುವ ಪರವಾನಗಿ ಮುಂದಿನ ವರ್ಷ ನವೆಂಬರ್ ಹದಿನಾಲ್ಕರವರೆಗೆ ಇದೆ. ಜಪಾನಿನಲ್ಲೇ ಹುಟ್ಟಿದರೂ ನಾವು ಕೊರಿಯದ ಪ್ರಜೆಗಳಲ್ಲವೇ? ಆ ದಿನದೊಳಗೆ ಅಲ್ಲಿ ಕಾಲಿಟ್ಟರೆ ನನ್ನ ಖಾಯಂ ವಾಸದ ಹಕ್ಕು ಹಾಗೇ ಇರುತ್ತದೆ. ಮೀರಿದರೆ ಹುಟ್ಟಿದ ಊರಿಗೆ ನಾನೇ ಪರದೇಶಿ. ಮೀರುವುದಿಲ್ಲ ಬಿಡು, ನನಗಿರುವುದು ಅದೊಂದೇ ಊರು.

ಅಕ್ಕ


ಇಕುನೊ, ಒಸಾಕಾ
20 ಜೂನ್ 1994

ಅಕ್ಕ,

ಇಲ್ಲಿ ಮಳೆ ಹಿಡಿದಿದೆ. ದವಾಖಾನೆಯ ಮುಂದಿನ ನೀಲಿ ಹೂಗಳು ಈ ವರ್ಷ ತುಂಬ ಚೆನ್ನಾಗಿ ಅರಳಿವೆ. ನಿನ್ನ ಆರೋಗ್ಯ ಚೆನ್ನಾಗಿದೆ ಎಂದು ನಂಬಿದ್ದೇನೆ.

ಕಾಗದಗಳು ತಲುಪಿದವು. ತುಂಬ ಉಪಕಾರವಾಯಿತು. ಅವರ ಹೆಸರು ಹತಾನಾಕಾ ಕೊಹೇ. ನಾರಾದವರು. ತಂದೆ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು.

ಇನ್ನು ಮುಂದೆ ದವಾಖಾನೆಯ ವಿಳಾಸಕ್ಕೇ ಬರೆದರೆ ಒಳ್ಳೆಯದು. ಲಕೋಟೆಯ ಮೇಲೆ ಕುರೋಡ ಮಿವಾ ಎಂದು ಬರಿ, ಕಳಿಸಿದವರ ಜಾಗದಲ್ಲಿ ಇನ್ಸಿಲ್ ಬದಲು ಕುರೋಡ ಹಿತೊಮಿ ಎಂದು. ನಮ್ಮ ಕೊರಿಯನ್ ಅಕ್ಷರ ಬೇಡ, ಹ್ಯೊನ್ ಎಂಬ ಮನೆತನದ ಹೆಸರೂ ಬೇಡ. ಅಲ್ಲಿ ಎಲ್ಲರಿಗೂ ನಾನು ಜಪಾನಿ ಹೆಸರಿನಿಂದಲೇ ಗೊತ್ತು. ಅಕ್ಕ ಕೊರಿಯಕ್ಕೆ ಕುಂಬಾರಿಕೆ ಕಲಿಯಲು ಹೋಗಿದ್ದಾಳೆ ಎಂದು ಹೇಳಿದ್ದೇನೆ. ನೀನು ಅನ್ಯಥಾ ಭಾವಿಸಬೇಡ.

ಮಿವಾ


ನಮ್ವೊನ್
10 ಸೆಪ್ಟೆಂಬರ್ 1994

ಕುರೋಡ ಮಿವಾ ಎಂಬ ದೊಡ್ಡ ಮನುಷ್ಯಳಿಗೆ,

ನೀನು ಹೇಳಿದ ಹಾಗೇ ವಿಳಾಸ ಬರೆದಿದ್ದೇನೆ. ಅಂಚೆಚೀಟಿಯ ಮೇಲೆ ಕೊರಿಯ ಎಂದು ಅಚ್ಚಾಗಿದೆಯಲ್ಲ, ಅದನ್ನೇನು ಮಾಡಲಿ, ನೆಕ್ಕಿ ಅಳಿಸಲೇ? ಕುಂಬಾರಿಕೆಯ ಮಾತನ್ನು ದೊಡ್ಡಮ್ಮನಿಗೆ ಹೇಳಿದೆ. ನಕ್ಕು ನಕ್ಕು ಕೆಮ್ಮು ಬಂತು ಅವಳಿಗೆ. "ಹಂಗಾದ್ರೆ ನಂಗೊಂದು ಉಚ್ಚೆ ಗಡಿಗೆ ಮಾಡ್ಕೊಡು" ಎಂದಳು.

ನೀನು ಮೊದಲು ಹೂವಿನ ಮಾತು ಎತ್ತಿ ಆಮೇಲೆ ವಿಷಯಕ್ಕೆ ಬರುವುದು ಯಾವಾಗ ಕಲಿತೆ? ನಾವು ಬೆಳೆದ ಓಣಿಯಲ್ಲಿ ಹೂವು ಎಲ್ಲಿತ್ತು?

ಈ ವಾರ ಗೋರಿಗಳ ಹುಲ್ಲು ಕೊಯ್ಯಲು ಊರಿಗೆ ಊರೇ ಕುಡುಗೋಲು ಹಿಡಿದು ಹೊರಟಿತ್ತು. ಅಪ್ಪನ ಗೋರಿಗೆ ನೀರು ನುಗ್ಗಿದೆ. ಆಗ ಅವಸರಕ್ಕೆ ದಾಯಾದಿ ದೊಕ್ಸುವಿನ ಹೊಲದ ತಗ್ಗಿನಲ್ಲಿ ಇಟ್ಟಿದ್ದೆವಲ್ಲ. ಮೇಲಿನ ಹೊಲಕ್ಕೆ, ತಾನು ಮಲಗುವ ಜಾಗದ ಪಕ್ಕಕ್ಕೆ ಅವನನ್ನು ತರಬೇಕೆಂದು ದೊಡ್ಡಮ್ಮ ಹಟ ಹಿಡಿದಿದ್ದಾಳೆ. ಗೋರಿ ಕದಲಿಸುವುದೆಂದರೆ ಅಧಿಕ ಮಾಸವೇ ಆಗಬೇಕು. ಮುಂದಿನ ವರ್ಷ ಚಾಂದ್ರಮಾನದ ಎಂಟನೇ ತಿಂಗಳು ಎರಡು ಸಲ ಬರುತ್ತದೆ.

"ಆ ತಿಂಗ್ಳು ದೇವ್ರುಗೋಳು ಕಣ್ ಮುಚ್ಕೊಂಡಿರ್ತಾವೆ ಕಣೇ. ಏನ್ ಕದಲಿಸಿದ್ರೂ ಕೇಳೋರಿಲ್ಲ. ಅಲ್ಲೀಗಂಟ ನಾನ್ ಸಾಯಾಕಿಲ್ಲ. ನೀನೂ ಓಡೋಗ್ಬ್ಯಾಡ" ಎಂದಳು.

ಆಗಲಿ ಎಂದು ಮಾತು ಕೊಟ್ಟೆ. ಅಧಿಕ ಮಾಸ ಅಕ್ಟೋಬರ್ ಇಪ್ಪತ್ತಮೂರಕ್ಕೆ ಮುಗಿಯುತ್ತದೆ, ಪರವಾನಗಿಗೆ ಇನ್ನೂ ಮೂರು ವಾರ ಉಳಿದಿರುತ್ತದೆ. ಸಾಕಲ್ಲವೇ?

ಕುಂಬಾರಗಿತ್ತಿ ಅಕ್ಕ


ಒಸಾಕಾ
22 ಜನವರಿ 1995

ಅಕ್ಕ,

ಭೂಕಂಪದ ಸುದ್ದಿ ಕೇಳಿರುತ್ತೀ. ನಾನು ಚೆನ್ನಾಗಿದ್ದೇನೆ. ಒಸಾಕಾದಲ್ಲಿ ನಮ್ಮ ಕಡೆ ತಟ್ಟೆ ಲೋಟ ಒಡೆದದ್ದು ಬಿಟ್ಟರೆ ಹೆಚ್ಚೇನಿಲ್ಲ. ಕೋಬೆಯ ಸ್ಥಿತಿ ಬರೆಯಲಾರೆ. ಗಾಬರಿಯಾಗಬೇಡ.

ಮಿವಾ


ನಮ್ವೊನ್
3 ಫೆಬ್ರವರಿ 1995

ಮಿಹ್ವಾ,

ನಿನ್ನ ನಾಲ್ಕು ಸಾಲು ನಿನ್ನೆ ಕೈಗೆ ಬಂತು. ಅಲ್ಲಿಯವರೆಗೆ ಟೀವಿಯಲ್ಲಿ ಉರಿಯುವ ಮನೆ ನೋಡುತ್ತ ಕೂತಿದ್ದೆ. ಊಟ ಸೇರಲಿಲ್ಲ. ದೊಡ್ಡಮ್ಮ ಕೂಡ ಬೈಯುವುದನ್ನು ಬಿಟ್ಟು, "ಸಣ್ ಹುಡ್ಗಿ ಬದುಕವ್ಳೆ, ನಂಗೊತ್ತು" ಎಂದು ಹೇಳುತ್ತಲೇ ಇದ್ದಳು. ನಿನ್ನ ಮುಖವನ್ನೇ ನೋಡದ ಮುದುಕಿ.

ದೊಕ್ಸುವಿನ ಮನೆಗೆ ಹೋಗಿ, ಅವನ ಹೆಂಡತಿ ಪಕ್ಕದಲ್ಲೇ ಕಿವಿ ಚಾಚಿ ನಿಂತಿದ್ದರೂ ನಾಚಿಕೆ ಬಿಟ್ಟು ಫೋನು ಮಾಡಿದೆ. "ಈ ನಂಬರು ಬಳಕೆಯಲ್ಲಿಲ್ಲ" ಎಂದು ಒಬ್ಬಳು ಮತ್ತೆ ಮತ್ತೆ ಹೇಳಿದಳು. ಭೂಕಂಪಕ್ಕೆ ತಂತಿ ಹರಿದಿದೆ ಎಂದುಕೊಂಡೆ. ಆದರೆ ಒಸಾಕಾದಲ್ಲಿ ಏನೂ ಆಗಿಲ್ಲ ಅನ್ನುತ್ತೀಯಲ್ಲ. ನಮ್ಮ ಮನೆಯ ನಂಬರು ಏನಾಯಿತು?

ಅಕ್ಕ


ತೆನ್ನೋಜಿ, ಒಸಾಕಾ
18 ಮಾರ್ಚ್ 1995

ಅಕ್ಕ,

ಚೆರಿ ಮೊಗ್ಗುಗಳು ಇನ್ನೇನು ಬಿರಿಯಲಿವೆ.

ಇಕುನೊದ ಮನೆಯನ್ನು ಡಿಸೆಂಬರಿನಲ್ಲೇ ಬಿಟ್ಟುಕೊಟ್ಟೆ. ಮೊದಲೇ ಹೇಳಬೇಕಿತ್ತು, ನೀನು ನೊಂದುಕೊಳ್ಳುತ್ತೀ ಎಂದು ಹೇಳಲಿಲ್ಲ. ಬಾಡಿಗೆ ಮನೆ, ಕೆಳಗೆಲ್ಲ ಗೋಂದಿನ ವಾಸನೆ. ಕೊಹೇಯ ತಾಯಿ ಒಂದು ದಿನ ನನ್ನ ಮನೆ ನೋಡಬೇಕು ಎಂದರು. ಆ ಓಣಿಗೆ ಅವರನ್ನು ಹೇಗೆ ಕರೆತರಲಿ? ಪಕ್ಕದ ಮನೆಯಾಕೆ ಬಾಗಿಲಲ್ಲಿ ಕೂತು ಕಿಮ್ಚಿ ಉಪ್ಪಿನಕಾಯಿ ಹಾಕುತ್ತಾ ನಮ್ಮ ಭಾಷೆಯಲ್ಲೇ ನನ್ನನ್ನು ಕೂಗುತ್ತಾಳೆ. ಇಲ್ಲಿ ಚಿಕ್ಕ ಕೋಣೆ ಹಿಡಿದಿದ್ದೇನೆ. ನಿನ್ನ ಬಟ್ಟೆ ಪೆಟ್ಟಿಗೆ ನನ್ನ ಹತ್ತಿರ ಭದ್ರವಾಗಿದೆ. ಹೊಲಿಗೆ ಯಂತ್ರ ಮಾತ್ರ ಕೊಟ್ಟುಬಿಟ್ಟೆ.

ಮದುವೆ ನವೆಂಬರ್ ಇಪ್ಪತ್ತಾರಕ್ಕೆ ನಿಶ್ಚಯವಾಗಿದೆ.

ಮಿವಾ


ನಮ್ವೊನ್
9 ಜೂನ್ 1995

ಮಿಹ್ವಾ,

ನಿನ್ನ ಕಾಗದಕ್ಕೆ ಮೂರು ಸಲ ಉತ್ತರ ಬರೆದು ಮೂರು ಸಲವೂ ಒಲೆಗೆ ಹಾಕಿದೆ. ಮೊದಲನೆಯದರಲ್ಲಿ ಬರೀ ಬೈಗುಳ ಇತ್ತು. ಅಮ್ಮ ಸತ್ತದ್ದು ಆ ಮನೆಯಲ್ಲಿ. ನಿನ್ನ ಜೂನಿಯರ್ ಕಾಲೇಜಿನ ಫೋಟೋ ತೆಗೆಸಿದ್ದು ಆ ಬಾಗಿಲಲ್ಲಿ. ಆ ಗೋಂದಿನ ವಾಸನೆಯಲ್ಲೇ ನೀನು ಓದಿದ್ದು ಕಣೇ. ಹೋಗಲಿ ಬಿಡು. ಮದುವೆಯ ಹುಡುಗಿಯನ್ನು ಬೈದರೆ ನನ್ನ ಬಾಯಿಗೇ ಹುಳ ಬೀಳುತ್ತದೆ.

ಕೊನೆಗೂ ಮದುವೆ! ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಅವ್ನು ಹೊಡಿಯೋನಾ?" ಇಲ್ಲ ಎಂದೆ. "ಹಂಗಾದ್ರೆ ಜಪಾನೋನಾದ್ರೇನು, ಇರ್ಲಿ" ಎಂದಳು.

ಅಕ್ಟೋಬರ್ ಕೊನೆಗೆ ಬಂದುಬಿಡುತ್ತೇನೆ. ಹಿಂದಿನ ಸಾಲಿನಲ್ಲಿ ಕಿಮೋನೊ ಉಟ್ಟು ತುಟಿ ಹೊಲಿದುಕೊಂಡು ಕೂರುತ್ತೇನೆ, ಸರಿಯೇ?

ಒಂದು ಕೆಲಸ ಮಾಡು. ದೊಡ್ಡಮ್ಮನ ಮೈ ದಿನಕ್ಕೊಂದು ತರಹ ಇದೆ, ಆ ಹೊತ್ತಿಗೆ ಅವಳನ್ನು ಬಿಟ್ಟು ಹೊರಡಲಾಗದಿದ್ದರೆ ಏನು ಗತಿ? ಪರವಾನಗಿಯನ್ನು ಇಲ್ಲಿಂದಲೇ ಮುಂದೂಡಬಹುದೇ, ಯಾವಾಗ ಎಲ್ಲಿಗೆ ಹೋಗಬೇಕು ಎಂದು ವಲಸೆ ಕಚೇರಿಯಲ್ಲಿ ಕೇಳಿ ತಿಳಿಸು. ಪೂಸಾನ್‌ನಲ್ಲಿರುವ ಜಪಾನಿನ ಕಚೇರಿಗೆ ನಾನೇ ಫೋನು ಮಾಡೋಣವೆಂದರೆ ದೊಕ್ಸುವಿನ ಹೆಂಡತಿಯ ಕಿವಿ ಇದೆ. ನಿನಗೆ ಆ ಕಚೇರಿಗಳ ಸಹವಾಸ ಆಗದು ಎಂದು ಗೊತ್ತು. ಹದಿನಾರು ತುಂಬಿದಾಗ ವಿದೇಶಿಯರ ಕಿಟಕಿಯಲ್ಲಿ ನಿನ್ನಿಂದ ಬೆರಳಚ್ಚು ಒತ್ತಿಸಲು ನಾನೇ ಕರೆದುಕೊಂಡು ಹೋಗಿದ್ದೆನಲ್ಲ. ನೀನು ಮನೆಗೆ ಬರುವವರೆಗೂ ಬೆರಳು ಒರೆಸುತ್ತಲೇ ಇದ್ದೆ. ಆದರೂ ನನಗೆ ಅಲ್ಲಿ ಕೇಳುವವರು ಇನ್ನಾರಿದ್ದಾರೆ?

ಅಕ್ಕ


ತೆನ್ನೋಜಿ
21 ಜುಲೈ 1995

ಅಕ್ಕ,

ಸೆಕೆ ಹೆಚ್ಚಾಗಿದೆ. ನೀವಿಬ್ಬರೂ ಕ್ಷೇಮವೆಂದು ನಂಬಿದ್ದೇನೆ.

ವಲಸೆ ಕಚೇರಿಯಲ್ಲಿ ಕೇಳಿದೆ. ಇಲ್ಲೇ ಹುಟ್ಟಿದವರಿಗೆ ಅಷ್ಟು ಅವಸರವಿಲ್ಲವಂತೆ. ಅವಧಿ ಮುಗಿದ ಮೇಲೂ ಪೂಸಾನ್‌ನ ಜಪಾನ್ ಕಾನ್ಸುಲೇಟಿಗೆ ಹೋಗಿ ಕಾರಣ ಹೇಳಿದರೆ ಒಂದು ವರ್ಷ ಮುಂದೂಡಿ ಕೊಡುತ್ತಾರಂತೆ. ದೊಡ್ಡಮ್ಮನ ಕಾಯಿಲೆಯೇ ಸಾಕಷ್ಟು ಕಾರಣ.

ಹಾಗಾಗಿ ಅವಸರಪಟ್ಟು ಅಕ್ಟೋಬರಿನಲ್ಲಿ ಬರಬೇಡ. ಮದುವೆ ತುಂಬ ಚಿಕ್ಕದು, ಕೊಹೇಯ ಮನೆಯವರಷ್ಟೇ ಇರುತ್ತಾರೆ. ನಾನೂ ಗಡಿಬಿಡಿಯಲ್ಲಿರುತ್ತೇನೆ, ನಿನ್ನನ್ನು ಸರಿಯಾಗಿ ನೋಡಿಕೊಳ್ಳಲಾಗುವುದಿಲ್ಲ. ಡಿಸೆಂಬರಿನಲ್ಲಿ ಬಾ. ನಾವು ಮೂವರೇ ಕೂತು ನಿಧಾನವಾಗಿ ಊಟ ಮಾಡೋಣ. ಹೇಗೂ ನಿನಗೆ ಅಲ್ಲಿ ಕಿತ್ತಳೆ ತೋಟವಿದೆ, ಮನೆಯಿದೆ, ಮಾತಾಡಲು ಜನರಿದ್ದಾರೆ. ನಿನ್ನ ಕಾಗದ ಓದುವಾಗಲೆಲ್ಲ ನೀನೇ ಅದೃಷ್ಟವಂತೆ ಅನಿಸುತ್ತದೆ.

ದವಾಖಾನೆಗೆ ಫೋನು ಮಾತ್ರ ಮಾಡಬೇಡ.

ಮಿವಾ


ನಮ್ವೊನ್
25 ಅಕ್ಟೋಬರ್ 1995

ಮದುವಣಗಿತ್ತಿಗೆ,

ಅಪ್ಪ ಜಾಗ ಬದಲಾಯಿಸಿದ್ದಾನೆ. ದೊಕ್ಸು ದೊಡ್ಡಮ್ಮನನ್ನು ಬೆನ್ನ ಮೇಲೆ ಹೊತ್ತು ಮೇಲಿನ ಹೊಲಕ್ಕೆ ತಂದ. ಕಂಬಳಿ ಹೊದ್ದು ಕೂತು, ಮಣ್ಣು ಮುಚ್ಚಿ ಮುಗಿಯುವವರೆಗೆ ಅವಳು ನೋಡುತ್ತಲೇ ಇದ್ದಳು. ಆಮೇಲೆ ಗೋರಿಯ ಕಡೆ ತಿರುಗಿ, "ಐವತ್ ವರ್ಸ ಓಡಾಡ್ದೆಯಲ್ಲ, ಈಗ ಇಲ್ಲೇ ಬಿದ್ಕೊ. ಇನ್ನೊಬ್ಳು ಬತ್ತೀನಿ ಅಂದ್ರೂ ಜಾಗ ಇಲ್ಲ" ಎಂದಳು. ಅಗೆಯಲು ಬಂದಿದ್ದವರೆಲ್ಲ ನಕ್ಕರು. ನನಗೆ ನಮ್ಮಮ್ಮನ ನೆನಪಾಗಿ ನಗು ಅರ್ಧಕ್ಕೇ ನಿಂತಿತು.

ದೊಡ್ಡಮ್ಮನ ಬಗ್ಗೆ ನೀನೀಗ ಚಿಂತೆ ಮಾಡಬೇಕಾಗಿಲ್ಲ. ಅವಳಿಗೆ ನೋವಿಲ್ಲ. ಮಗ್ಗುಲು ಬದಲಿಸುವ, ಮೈ ಒರೆಸುವ ಕೆಲಸವೂ ನನಗಿಲ್ಲ. ನಾಳೆಯೇ ಹಡಗು ಹತ್ತಿ ನಿನ್ನ ಎದುರು ನಿಲ್ಲಬಹುದು. ಆದರೆ ನೀನು ಡಿಸೆಂಬರು ಎಂದೆ. ನಿನ್ನ ಮದುವೆ ಮುಗಿಯುವವರೆಗೆ ನಾನು ನಿನ್ನ ಹತ್ತಿರ ಸುಳಿಯದಿರುವುದೇ ಒಳ್ಳೆಯದೆಂದು ಈಗ ನನಗೂ ಅನಿಸುತ್ತದೆ. ಯಾಕೆಂದು ಆಮೇಲೆ ಹೇಳುತ್ತೇನೆ. ಈ ಮನೆಯಿಂದ ಉಡುಗೊರೆಯನ್ನೂ ಕಳಿಸುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಪರವಾನಗಿಯ ವಿಷಯ ನೀನು ಕೇಳಿ ಹೇಳಿದ್ದೀಯಲ್ಲ, ನನಗೆ ಧೈರ್ಯವಿದೆ.

ಚೆನ್ನಾಗಿ ಬಾಳು. ಆ ದಿನ ಅಳಬೇಡ, ನಿನಗೆ ಮೂಗು ಕೆಂಪಾಗುತ್ತದೆ.

ಅಕ್ಕ


ಹೊಕ್ಕೈದೊ (ಚಿತ್ರದ ಕಾರ್ಡು)
1 ಡಿಸೆಂಬರ್ 1995

ಎಲ್ಲವೂ ಸುಸೂತ್ರವಾಗಿ ನಡೆಯಿತು. ಇಲ್ಲಿ ಆಗಲೇ ಹಿಮ ಬಿದ್ದಿದೆ. ಹೊಸ ವಿಳಾಸ ನಂತರ ತಿಳಿಸುತ್ತೇನೆ, ಅಲ್ಲಿಯವರೆಗೆ ದವಾಖಾನೆಗೇ ಬರಿ.

ಹತಾನಾಕಾ ಮಿವಾ


ಪೂಸಾನ್
8 ಡಿಸೆಂಬರ್ 1995

ಮಿಹ್ವಾ,

ವಸತಿಗೃಹದ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ, ಓದಲಾಗದಿದ್ದರೆ ಎರಡು ಸಲ ಓದು.

ಇವತ್ತು ಬೆಳಿಗ್ಗೆ ಕಾನ್ಸುಲೇಟಿಗೆ ಹೋದೆ. ಕಿಟಕಿಯಲ್ಲಿದ್ದವನು ಎಳೆಯ ಹುಡುಗ, ಬಹಳ ಮರ್ಯಾದೆಯವನು. "ಜಪಾನಿ ಭಾಷೆ ತುಂಬಾ ಚೆನ್ನಾಗಿ ಮಾತಾಡ್ತೀರಲ್ಲ, ಎಲ್ಲಿ ಕಲಿತ್ರಿ?" ಎಂದ. "ಇಕುನೊದ ಸರ್ಕಾರಿ ಶಾಲೇಲಿ, ಒಂದನೇ ಕ್ಲಾಸಿಂದ" ಎಂದೆ. ನಗುನಗುತ್ತಲೇ ಪರವಾನಗಿ ತೆರೆದ. ಮುಖದಲ್ಲಿ ನಗು ಇಳಿಯಿತು.

"ಇದು ಹೋದ ತಿಂಗಳೇ ಮುಗಿದಿದೆ."

"ಗೊತ್ತು. ಮುಂದೂಡಿಸೋಕೆ ಬಂದಿದ್ದೀನಿ."

"ಮುಗಿಯೋಕೆ ಮುಂಚೆ ಬಂದಿದ್ರೆ ಕೊಡಬಹುದಿತ್ತು. ಈಗ ನಮ್ಮ ಕೈಲಿ ಏನೂ ಇಲ್ಲ. ನಿಮ್ಮ ಖಾಯಂ ವಾಸದ ಹಕ್ಕೂ ಇದರ ಜೊತೇಲೇ ಹೋಯ್ತು. ಆಮೇಲೆ ಬಂದ್ರೂ ಆಗುತ್ತೆ ಅಂತ ಯಾರು ಹೇಳಿದ್ದು?"

"ನನ್ನ ತಂಗಿ. ವಲಸೆ ಕಚೇರೀಲಿ ಕೇಳಿದ್ಳು."

"ಅಲ್ಲಿ ಯಾರೂ ಹಾಗೆ ಹೇಳೋದಿಲ್ಲ" ಎಂದ. ಪಾಪ, ಆ ಹುಡುಗನ ಕಣ್ಣಲ್ಲೇ ನೀರಿತ್ತು.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ದೊಡ್ಡಮ್ಮ ಅಕ್ಟೋಬರ್ ಹದಿನಾರಕ್ಕೇ ಹೋದಳು. ಗೋರಿ ಕದಲಿಸಿದ ಮರುವಾರ, ನಿದ್ದೆಯಲ್ಲಿ. ಕಾಗದದಲ್ಲಿ ಅವಳು ನಿನ್ನ ತಾಯಿ. ತಾಯಿ ಸತ್ತ ಸುದ್ದಿ ಕಿವಿಗೆ ಬಿದ್ದ ಮೇಲೆ ಹುಡುಗಿ ಹಸೆಗೆ ಕೂರುವ ಹಾಗಿಲ್ಲ, ಹೆಣ ತೊಳೆದ ಕೈ ಮದುವೆ ಮನೆಗೆ ಕಾಲಿಡುವ ಹಾಗಿಲ್ಲ. ಅದಕ್ಕೇ ಹೇಳಲಿಲ್ಲ, ಅದಕ್ಕೇ ಬರಲಿಲ್ಲ. ಮಣ್ಣು ಮಾಡಿದ ಮೇಲೆ ನನಗೆ ಇಡೀ ನಾಲ್ಕು ವಾರ ಇತ್ತು ಮಿಹ್ವಾ. ನಿನಗೆ ಕೆಡುಕಾಗದಿರಲಿ ಎಂದು ಆ ನಾಲ್ಕು ವಾರ ಕೈ ಕಟ್ಟಿ ಕೂತಿದ್ದೆ.

ನೀನು ಯಾರನ್ನು ಕೇಳಿದೆ? ಯಾವ ಕಿಟಕಿ? ಅವನ ಹೆಸರು ಹೇಳು. ನಾನು ಅವನಿಗೇ ಬರೆಯುತ್ತೇನೆ, ತಪ್ಪು ಅವನದೆಂದು ಒಪ್ಪಿದರೆ ಏನಾದರೂ ದಾರಿ ಇರಬಹುದು.

ಅಕ್ಕ


ಪೂಸಾನ್
20 ಜನವರಿ 1996

ಮಿಹ್ವಾ,

ಉತ್ತರ ಬಂದಿಲ್ಲ. ಅಂಚೆ ಕಳೆದುಹೋಯಿತೆಂದು ನನಗೆ ನಾನೇ ಹೇಳಿಕೊಂಡೆ. ಕಳೆದುಹೋಗಿಲ್ಲ ಅಲ್ಲವೇ?


ನಾರಾ
11 ಫೆಬ್ರವರಿ 1996

ಅಕ್ಕ,

ನಾನು ಯಾರನ್ನೂ ಕೇಳಲಿಲ್ಲ.

ಕಚೇರಿಯವರೆಗೆ ಹೋಗಿದ್ದೆ, ಅದು ನಿಜ. ವಿದೇಶಿಯರ ಸಾಲು ಮೆಟ್ಟಿಲಿಳಿದು ಬೀದಿಗೆ ಬಂದಿತ್ತು. ಅದರ ಕೊನೆಯಲ್ಲಿ ನಿಂತೆ. ದವಾಖಾನೆಗೆ ಬರುವ ಒಬ್ಬಾಕೆ ಆ ದಾರಿಯಲ್ಲಿ ಬಂದಳು. "ಮಿವಾ ಸಾನ್, ನೀವು ಈ ಸಾಲಲ್ಲಿ ಯಾಕೆ ನಿಂತಿದ್ದೀರಾ?" ಎಂದಳು. "ಬಸ್ಸಿಗೆ ಅಂದ್ಕೊಂಡೆ" ಎಂದೆ. ಅವಳು ನಕ್ಕು, ನಿಜವಾದ ಬಸ್ಸು ಎಲ್ಲಿ ಬರುತ್ತದೆಂದು ತೋರಿಸಿದಳು. ಅವಳ ಜೊತೆಗೇ ಹತ್ತಿ ಹೋದೆ. ಮರುದಿನ ಹೋಗೋಣ ಎಂದುಕೊಂಡೆ. ಹೋಗಲಿಲ್ಲ. ತೋಚಿದ್ದನ್ನು ಬರೆದೆ.

ಇನ್ನೊಂದು ವಿಷಯ. ಹೋದ ಜುಲೈನಲ್ಲಿ ನನಗೆ ಜಪಾನಿನ ಪೌರತ್ವ ಸಿಕ್ಕಿತು. ನಿನ್ನಿಂದ ತರಿಸಿದ ವಂಶಪತ್ರ ಅದಕ್ಕೇ, ಮದುವೆಗಲ್ಲ. ಕೊಹೇಗೆ ಎಲ್ಲ ಗೊತ್ತು. ಅವರ ತಂದೆ ತಾಯಿಗೆ ಗೊತ್ತಿಲ್ಲ. ನನಗೆ ಹತ್ತಿರದವರು ಯಾರೂ ಇಲ್ಲ ಎಂದು ಅವರಿಗೆ ಹೇಳಿದೆ. ನೀನು ಅಕ್ಟೋಬರಿನಲ್ಲಿ ಬರುವುದು ನನಗೆ ಬೇಕಿರಲಿಲ್ಲ. ಇದಕ್ಕಿಂತ ಮೆತ್ತಗೆ ಬರೆಯಲು ನನಗೆ ಬರುವುದಿಲ್ಲ.

ಆದರೆ ನೀನೂ ಯೋಚಿಸು. ದೊಡ್ಡಮ್ಮ ಹೋದಳೆಂದು ಒಂದು ಸಾಲು ಬರೆದಿದ್ದರೆ ನಾನು ಅಂದೇ ಓಡಿಹೋಗಿ ಕೇಳುತ್ತಿದ್ದೆ. ಅವಳು ಬದುಕಿರುವವರೆಗೆ ನೀನು ಹೇಗೂ ಅವಳನ್ನು ಬಿಟ್ಟು ಬರುವವಳಲ್ಲ, ಆ ತೋಟದಲ್ಲೇ ನಿನಗೆ ಸುಖ ಎಂದು ನಾನು ತಿಳಿದಿದ್ದೆ. ನಿನ್ನ ಒಂದು ಕಾಗದದಲ್ಲಾದರೂ ಕಷ್ಟದ ಮಾತು ಇತ್ತೇ? ಎಲ್ಲದರಲ್ಲೂ ನಗೆ, ತಮಾಷೆ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ. ಅದನ್ನು ಕೇಳುವ ಮುಖ ನನಗಿಲ್ಲ.

ಮಿಹ್ವಾ


ಪೂಸಾನ್
2 ಮಾರ್ಚ್ 1996

ಮಿಹ್ವಾ,

ಬಸ್ಸಿಗೆ ಅಂದುಕೊಂಡೆಯಾ! ನನ್ನ ನಲವತ್ತು ವರ್ಷದ ಊರು ಒಂದು ಬಸ್ಸಿಗೆ ಹೋಯಿತು. ನಿನ್ನನ್ನು ಎತ್ತಿ ಆಡಿಸಿದ ಈ ಕೈಯಿಂದಲೇ ನಿನ್ನ ಕೆನ್ನೆಗೆ ಎರಡು ಬಾರಿಸಬೇಕು ಅನಿಸುತ್ತದೆ. ಅದಕ್ಕೂ ವೀಸಾ ಬೇಕು.

ಯಾವ ತೋಟ? ಯಾರ ಮನೆ? ಗಂಡು ಮಕ್ಕಳಿಲ್ಲದ ಮನೆಗೆ ದೊಕ್ಸುವನ್ನು ಎಂದೋ ದತ್ತು ಬರೆಸಿದ್ದರು. ಎಡೆ ಇಡುವವನು ಅವನು, ಹೊಲವೂ ಅವನದು, ಮರದ ಮೇಲಿನ ಕಿತ್ತಳೆಯೂ ಅವನದು. ದೊಡ್ಡಮ್ಮನ ಮಣ್ಣು ಆರುವ ಮೊದಲೇ ಬಂದು ಕೂತ. "ಅಕ್ಕಾ, ಮನೆ ರಿಪೇರಿ ಮಾಡ್ಸಾನ ಅಂತಿದ್ದೀವಿ. ನೀವೆಂಗೂ ಜಪಾನಿಗೆ ಹೋಗೋರಲ್ವಾ?" ಎಂದ. ತಪ್ಪೇನು ಅವನದು? ನಾನೇ ಊರಿಗೆಲ್ಲ ಹಾಗೆಂದು ಸಾರಿಕೊಂಡು ತಿರುಗಿದ್ದೆ. ಆ ಊರಿನಲ್ಲಿ ಒಂದು ದಿನವೂ ನನ್ನನ್ನು ಹೆಸರು ಹಿಡಿದು ಕರೆದವರಿಲ್ಲ, ಜಪಾನಿನವಳು ಎಂದೇ ಕರೆದರು. ಹೌದು, ಇದನ್ನು ನಿನಗೆ ಬರೆಯಲಿಲ್ಲ. ಬರೆದರೆ ನೀನು ಸಂಕಟಪಡುತ್ತೀ ಎಂದು ತಮಾಷೆ ಬರೆದೆ. ತಪ್ಪು ನನ್ನದೂ ಇರಬಹುದು. ಆದರೆ ನಾನು ಮುಚ್ಚಿಟ್ಟದ್ದು ನಿನಗೆ ಒಳ್ಳೆಯದಾಗಲೆಂದು, ನೀನು ಮುಚ್ಚಿಟ್ಟದ್ದು ನಿನಗೇ ಒಳ್ಳೆಯದಾಗಲೆಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಇಲ್ಲಿ ಬೂಟಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಅದೇ ಗೋಂದು. ಹೆಂಗಸರು, "ನಿನ್ ಮಾತೇ ಒಂಥರಾ ಇದ್ಯಲ್ಲ, ಎಲ್ಲಿಯೋಳು?" ಎಂದು ಕೇಳುತ್ತಾರೆ. ನಕ್ಕು ಮುಂದಿನ ಬೂಟಿಗೆ ಗೋಂದು ಬಳಿಯುತ್ತೇನೆ.

ಮೇ ಕೊನೆಗೆ ಅಮ್ಮನ ತಿಥಿ. ಒಸಾಕಾ ಪಕ್ಕದ ಇಕೊಮಾ ಬೆಟ್ಟದ ದೇವಸ್ಥಾನದಲ್ಲಿ ಅವಳ ಅಸ್ಥಿಯ ಮುಂದೆ ಒಂದು ಬಟ್ಟಲು ಅನ್ನ ಇಡಬೇಕು. ವೀಸಾ ಕೊಡಲು ಜಪಾನಿನ ಪ್ರಜೆಯೊಬ್ಬರು ಜಾಮೀನು ಬರೆಯಬೇಕಂತೆ. ನನಗೆ ಗೊತ್ತಿರುವ ಜಪಾನಿನ ಪ್ರಜೆ ನೀನೊಬ್ಬಳೇ. ಬರೆದುಕೊಡು. ಇದರ ಮೇಲೆ ನಿನ್ನನ್ನು ಏನೂ ಕೇಳುವುದಿಲ್ಲ.

ಇನ್ಸಿಲ್


ನಾರಾ
10 ಏಪ್ರಿಲ್ 1996

ಅಕ್ಕ,

ಜಾಮೀನು ಪತ್ರ ಇದರ ಜೊತೆಗಿದೆ. ಅರ್ಜಿದಾರಳೊಂದಿಗೆ ಸಂಬಂಧ ಎಂಬ ಜಾಗದಲ್ಲಿ "ಪರಿಚಯ" ಎಂದು ಬರೆದಿದ್ದೇನೆ. ಅಕ್ಕ ಎಂದು ಬರೆದರೆ ಜೊತೆಗೆ ವಂಶಪತ್ರ ಇಡಬೇಕು. ಆ ಕಾಗದ ಈ ಮನೆಯಲ್ಲಿ ಇರುವುದು ಬೇಡ. ನಾನು ಈಗ ಬಸಿರಿ, ಅತ್ತೆ ವಾರಕ್ಕೆರಡು ಸಲ ಬಂದು ಹೋಗುತ್ತಾರೆ.

ದಯವಿಟ್ಟು ಒಸಾಕಾದಲ್ಲಿ ಹೋಟೆಲಿನಲ್ಲಿ ಇಳಿದುಕೊ. ಆ ದಿನ ದೇವಸ್ಥಾನಕ್ಕೆ ಬರಲು ಪ್ರಯತ್ನಿಸುತ್ತೇನೆ.

ಮಿವಾ


ಪೂಸಾನ್
3 ಜೂನ್ 1996

ಶ್ರೀಮತಿ ಹತಾನಾಕಾ ಮಿವಾ ಅವರಿಗೆ,

ಬೇಸಿಗೆ ಕಾಲಿಟ್ಟಿದೆ. ತಾವು ಹಾಗೂ ಮನೆಯವರೆಲ್ಲ ಕ್ಷೇಮವೆಂದು ನಂಬಿದ್ದೇನೆ.

ಜಾಮೀನು ಬರೆದುಕೊಟ್ಟವರಿಗೆ ವಂದನೆ ತಿಳಿಸುವುದು ವಾಡಿಕೆಯಾದ್ದರಿಂದ ಈ ಪತ್ರ. ತಮ್ಮ ದಯೆಯಿಂದ ಹದಿನೈದು ದಿನದ ವೀಸಾ ದೊರೆಯಿತು. ಕಾನ್ಸುಲೇಟಿನ ಅಧಿಕಾರಿ ನನ್ನನ್ನು, "ಇವರು ನಿಮಗೇನಾಗಬೇಕು?" ಎಂದು ಕೇಳಿದರು. "ಪರಿಚಯದವರು" ಎಂದೆ. "ಎಷ್ಟು ವರ್ಷದ ಪರಿಚಯ?" ಎಂದರು. "ಅವರು ಹುಟ್ಟಿದ ದಿನದಿಂದ" ಎಂದೆ. ಅವರು ತಲೆಯೆತ್ತಿ ನೋಡಿದರು. ಭೇಟಿಯ ಉದ್ದೇಶ ಎಂಬಲ್ಲಿ "ಪ್ರವಾಸ" ಎಂದು ಅವರೇ ಬರೆದುಕೊಂಡರು.

ವಿಮಾನ ನಿಲ್ದಾಣದಲ್ಲಿ ವಿದೇಶಿಯರ ಸಾಲಿನಲ್ಲಿ ನಿಂತೆ. ನನ್ನ ಪಾಸ್‌ಪೋರ್ಟು ಹೊಸದು, ಒಳಗೆಲ್ಲ ಖಾಲಿ. "ಜಪಾನಿಗೆ ಮೊದಲ ಸಲ ಬರ್ತಿದ್ದೀರಾ?" ಎಂದು ಕೇಳಿದರು. ಹೌದು ಎಂದೆ. ಅವರೊಡನೆ ವಾದ ಮಾಡುವ ಶಕ್ತಿ ಇರಲಿಲ್ಲ.

ತಿಥಿಯ ದಿನ ಬೆಳಿಗ್ಗೆಯಿಂದ ದೇವಸ್ಥಾನದಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಪೂಜಾರಿ, "ಇನ್ನೊಬ್ಬ ಮಗಳಿಗೆ ಕಾಯೋಣ್ವಾ?" ಎಂದರು. ಅನ್ನ ಆರುತ್ತಿತ್ತು. ಬೇಡ, ನಾನೊಬ್ಬಳೇ ಎಂದು ಹೇಳಿ ಮುಗಿಸಿದೆ. ಮಕ್ಕಳೆಲ್ಲ ಚೆನ್ನಾಗಿದ್ದಾರೆ ಎಂದು ಅಮ್ಮನಿಗೆ ತಿಳಿಸಿದ್ದೇನೆ. ತಮ್ಮ ಬಸುರಿನ ವಿಷಯವನ್ನೂ ಹೇಳಿದೆ.

ಆ ಪತ್ರದಲ್ಲಿ ತಾವು ನನ್ನ ಪರವಾಗಿ ಮೂರು ವಿಷಯಕ್ಕೆ ಹೊಣೆ ಹೊತ್ತು ಮುದ್ರೆ ಒತ್ತಿದ್ದಿರಿ: ನಾನು ಅಲ್ಲಿ ಗತಿಗೆಟ್ಟು ಬೀದಿಗೆ ಬೀಳುವುದಿಲ್ಲ, ಕಾನೂನು ಮೀರುವುದಿಲ್ಲ, ಅವಧಿ ಮುಗಿಯುವುದರೊಳಗೆ ದೇಶ ಬಿಟ್ಟು ಹೋಗುತ್ತೇನೆ. ಮೂರರಲ್ಲಿ ಒಂದನ್ನೂ ತಪ್ಪಿಸಿಲ್ಲ. ನಿನ್ನೆ, ಅವಧಿಗೆ ಇನ್ನೂ ನಾಲ್ಕು ದಿನ ಇರುವಾಗಲೇ ನಾನು ಜಪಾನು ಬಿಟ್ಟಿದ್ದೇನೆ. ಇನ್ನು ನನ್ನ ಬಗ್ಗೆ ಯಾರಾದರೂ ವಿಚಾರಿಸಿದರೆ ಹೊರಟುಹೋದಳು ಎಂದು ತಾವು ಧೈರ್ಯವಾಗಿ ಹೇಳಬಹುದು. ತಮ್ಮ ಹೊಣೆ ತೀರಿತು.

ಇತಿ,
ಹ್ಯೊನ್ ಇನ್ಸಿಲ್